ಉಪ್ಪುಗಾಳಿಗೂ ಘಾಟಿಗೂ ತಾಳುವ ಕಾರು ಆರಿಸೋದು ಹೇಗೆ?

ಶೋರೂಮಿಗೆ ಹೋಗುವ ಮೊದಲು ಒಂದು ಹಾಳೆ ತಗೊಳ್ಳಿ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಎಲ್ಲಿ ಓಡಿಸುತ್ತೀರಿ, ಬರೆಯಿರಿ. ಬಣ್ಣ, ಸನ್‌ರೂಫ್ ಎಲ್ಲ ಆಮೇಲೆ. ಕಾರವಾರದಲ್ಲಿ ಕೋಡಿಬಾಗದಿಂದ ಪೇಟೆಗೆ ಹೋಗಿಬರುವವರಿಗೂ, ವಾರವಾರ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗುವ ಕುಮಟಾದವರಿಗೂ ಒಂದೇ ಕಾರು ಹೊಂದುವುದಿಲ್ಲ.

ಮೊದಲು ಡೀಸೆಲ್ಲೋ ಪೆಟ್ರೋಲೋ ಅನ್ನೋದು ತೀರ್ಮಾನವಾಗಲಿ. ತಿಂಗಳಿಗೆ 600 ಕಿಲೋಮೀಟರ್ ಓಡಿಸುತ್ತೀರಿ ಅಂದುಕೊಳ್ಳಿ. ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ, ಲೀಟರಿಗೆ 100 ರೂಪಾಯಿ ಹಿಡಿದರೂ ಖರ್ಚು 4,000 ರೂಪಾಯಿ. ಡೀಸೆಲ್ ಕಾರು 20 ಕೊಟ್ಟರೆ, ಲೀಟರಿಗೆ 90ರಂತೆ 2,700. ಉಳಿತಾಯ ತಿಂಗಳಿಗೆ 1,300. ಡೀಸೆಲ್ ಕಾರಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟಿದ್ದರೆ ಆ ದುಡ್ಡು ವಾಪಸ್ ಬರಲು ಏಳೂವರೆ ವರ್ಷ ದಾಟುತ್ತದೆ! ಇನ್ನೊಂದು ತಲೆನೋವೂ ಇದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್‌6 (ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮ) ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಬರೀ ಪೇಟೆಯೊಳಗೆ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಅಂಕೋಲಾದಿಂದ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ ಪದೇಪದೇ ಹೋಗುವವರಿಗೆ ಮಾತ್ರ ಡೀಸೆಲ್ ಲಾಭ.

ಹೊಸದೋ ಹಳೆಯದೋ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು. ಹಾಗಾಗಿ ಹಳೆ ಕಾರು ಮಾರುವವರು "ನಾನು ಇಷ್ಟು ಕೊಟ್ಟು ತಗೊಂಡಿದ್ದೆ" ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಕಾರು ಇವತ್ತು ಹೊಸದಾಗಿ ರೋಡಿಗಿಳಿಯಲು ಎಷ್ಟಾಗುತ್ತದೆ ಅಂತ ಕೇಳಿ, ಅಲ್ಲಿಂದ ಇಳಿಸುತ್ತಾ ಬನ್ನಿ.

ಹಳೆಯದೇ ತಗೊಳ್ಳುವುದಾದರೆ ನಮ್ಮ ಕರಾವಳಿಯಲ್ಲಿ ಮೀಟರಿಗಿಂತ ಮೊದಲು ತುಕ್ಕು ನೋಡಬೇಕು. ನಂಬರ್ ಪ್ಲೇಟೇ ಸ್ವಲ್ಪ ಹೇಳುತ್ತದೆ: ಕೆಎ 30 ಕಾರವಾರ, ಕೆಎ 47 ಹೊನ್ನಾವರ, ಕೆಎ 31 ಶಿರಸಿ. ಸಮುದ್ರದ ಗಾಳಿ ಕುಡಿದ ಕಾರೋ ಘಟ್ಟದ ಮೇಲಿನದೋ ಅಂತ ಒಂದು ಅಂದಾಜು ಸಿಗುತ್ತದೆ, ಅದನ್ನೇ ಪೂರ್ತಿ ನಂಬುವುದು ಬೇಡ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ಕೆಳಗೆ ಬೆರಳಾಡಿಸಿ. ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನು, ಕಾಲಡಿಯ ಮ್ಯಾಟಿನ ಕೆಳಗೆ, ಸೀಟು ಸರಿಯುವ ಕಬ್ಬಿಣದ ಪಟ್ಟಿ, ಎಲ್ಲ ನೋಡಿ. ಆಮೇಲೆ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ ಬ್ರೇಕ್ ಪೈಪು, ಸೈಲೆನ್ಸರ್ ತೋರಿಸಿಕೊಳ್ಳಿ. ಏಳೆಂಟು ವರ್ಷದ ಕಾರಿನ ಹೊಟ್ಟೆಗೆ ಮೊನ್ನೆ ಮೊನ್ನೆ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಅನುಮಾನ ಬರಲೇಬೇಕು. ಕೆಳಗೆ ಏನನ್ನೋ ಮುಚ್ಚಿರಬಹುದು, ಅಲ್ವಾ? ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅದು ನೆರೆ ನೀರಲ್ಲಿ ನಿಂತ ಕಾರಿರಬಹುದು, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಟೆಸ್ಟ್ ಡ್ರೈವ್ ಹೈವೇಯಲ್ಲಿ ಮಾಡಿ ಏನೂ ಪ್ರಯೋಜನವಿಲ್ಲ. ಸುಮ್ನೆ ನೇರ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತವೆ. ನಾಲ್ಕು ಜನ ಕೂತು, ಎಸಿ ಹಾಕಿ, ಏರು ತಿರುವಿನಲ್ಲಿ ಎರಡನೇ ಗೇರಿನಲ್ಲಿ ಎಳೆಯುತ್ತದಾ ನೋಡಿ. ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ, ಕ್ಲಚ್ ಸವೆದಿದ್ದರೆ ಸುಟ್ಟ ವಾಸನೆಯಲ್ಲೇ ಗೊತ್ತಾಗಬಹುದು. ಎಎಂಟಿ ಗೇರಿನ (ಕ್ಲಚ್ ಒತ್ತದೆ ತಾನೇ ಗೇರ್ ಬದಲಿಸುವ) ಕಾರುಗಳು ಘಾಟಿ ತಿರುವಿನಲ್ಲಿ ಗೇರ್ ಬದಲಿಸುವಾಗ ಒಂದು ಕ್ಷಣ ತಡವರಿಸುತ್ತವೆ. ಕೆಲವರಿಗೆ ಅದು ಅಭ್ಯಾಸವಾಗುತ್ತದೆ, ನನಗಂತೂ ಇಷ್ಟವಿಲ್ಲ. ಶಿರಸಿ ಕಡೆ ತೋಟದ ಮನೆಯವರು ಕಾರನ್ನು ಮನೆ ದಾರಿಯಲ್ಲೇ ಒಮ್ಮೆ ಓಡಿಸಿ ನೋಡಿ, ತಳ ತಾಗುತ್ತದಾ ಇಲ್ಲವಾ ಅಂತ.

ಸರ್ವೀಸ್ ಸೆಂಟರ್ ಎಷ್ಟು ದೂರ ಅನ್ನೋದೂ ಬೆಲೆಯ ಭಾಗವೇ. ಒಂದು ಬಿಡಿಭಾಗಕ್ಕೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾದ ಕಾರು ಐವತ್ತು ಸಾವಿರ ಕಡಿಮೆಗೆ ಸಿಕ್ಕರೂ ದುಬಾರಿ.

ಕಾಗದಪತ್ರದಲ್ಲಿ ಅವಸರ ಬೇಡ. ಸಾಲದ ಮೇಲೆ ತಗೊಂಡ ಕಾರಾಗಿದ್ದರೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಮತ್ತು ಸಾಲದ ನಮೂದನ್ನು ಕಾರಿನ ದಾಖಲೆಯಿಂದ ತೆಗೆಸುವ ಫಾರ್ಮ್ 35 ಕೈಗೆ ಬರಲಿ, ಆಮೇಲೆ ಪೂರ್ತಿ ದುಡ್ಡು. ಹೆಸರು ಬದಲಾವಣೆಗೆ ಫಾರ್ಮ್ 29, 30. ಕಾರವಾರದವರಿಗೆ ಗೋವಾ ಕಾರಿನ ಆಸೆ ಜಾಸ್ತಿ, ಬೆಲೆ ಕಡಿಮೆ ಕಾಣುತ್ತದೆ. ಆದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತಂದು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಹೊಸ ನಂಬರ್ ಪಡೆಯುವಷ್ಟರಲ್ಲಿ ಆ ಉಳಿತಾಯದಲ್ಲಿ ಎಷ್ಟು ಉಳಿಯುತ್ತದೆ ಅಂತ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕೆಂದೇನೂ ಇಲ್ಲ, ಹೊರಗೂ ರೇಟ್ ಕೇಳಿ. ಹಳೆ ಕಾರಾದರೆ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್‌ನಲ್ಲಿ ಸಿಗುವ ರಿಯಾಯಿತಿ) ಹಳೆ ಮಾಲೀಕನದು, ಕಾರಿನ ಜೊತೆ ಬರುವುದಿಲ್ಲ. ನಮ್ಮ ಮಳೆಗೆ ಪಾಲಿಸಿಗೆ ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ನೀರು ನಿಂತಲ್ಲಿ ಎಂಜಿನ್ ನೀರು ಎಳೆದುಕೊಂಡು ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಆ ರಿಪೇರಿ ದುಡ್ಡು ಸಿಗುವುದು ಕಷ್ಟ.