ಮೊದಲು ಬಸ್ಕಿ, ಆಮೇಲೆ ಭಾರ: ಎಳೆಯ ಆಟಗಾರರಿಗೆ ಬಲ ತರಬೇತಿ

‘ಈಗಲೇ ಭಾರ ಎತ್ತಿದರೆ ಹುಡುಗ ಕುಳ್ಳಗೇ ಉಳಿದುಬಿಡ್ತಾನೆ’ ಎಂಬ ಹೆದರಿಕೆ ಮಕ್ಕಳನ್ನು ಕಬಡ್ಡಿ, ಖೊಖೊ, ಓಟ ಎಂದು ಮೈದಾನಕ್ಕೆ ಕಳಿಸುವ ಎಷ್ಟೋ ಮನೆಗಳಲ್ಲಿದೆ. ತಿಳಿದವರ ಕಣ್ಣೆದುರು ಕ್ರಮವಾಗಿ ಮಾಡಿದ ಬಲ ತರಬೇತಿಯಿಂದ ಎತ್ತರ ಕುಂಠಿತವಾಗುತ್ತದೆ ಎನ್ನಲು ಆಧಾರವಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2020ರ ತನ್ನ ವರದಿಯಲ್ಲೂ ಇದನ್ನು ಹೇಳಿದೆ. ಎಲುಬಿನ ತುದಿಯ ಬೆಳವಣಿಗೆಯ ಪದರಕ್ಕೆ ಪೆಟ್ಟಾದ ಪ್ರಕರಣಗಳ ಹಿಂದೆ ಹೆಚ್ಚಾಗಿ ಕಾಣುವುದು ತಪ್ಪು ಭಂಗಿ, ಮಿತಿಮೀರಿದ ಭಾರ, ನೋಡಿಕೊಳ್ಳುವವರು ಇಲ್ಲದಿರುವುದು. ನಮ್ಮ ಗರಡಿಮನೆಗಳಲ್ಲಿ ಪೋರರು ದಂಡ-ಬಸ್ಕಿ ಹೊಡೆದುಕೊಂಡೇ ಪೈಲ್ವಾನರಾದರು. ಅದಕ್ಕೆ ಜಿಮ್ ಎಂದು ಹೆಸರಿಟ್ಟ ಮೇಲೆ ಭಯ ಶುರುವಾಯಿತೇನೋ!

ಲಾಭ ಏನು? ಪ್ರೌಢಾವಸ್ಥೆಗೆ ಮುಂಚೆ ತೋಳು ದಪ್ಪವಾಗುವುದು ಕಡಿಮೆ. ಆದರೆ ಇರುವ ಸ್ನಾಯುವನ್ನು ಪೂರ್ತಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ, ಹಾಗಾಗಿ ಬಲ ಹೆಚ್ಚುತ್ತದೆ. ಟೇಪು ಹಿಡಿದು ತೋಳು ಅಳೆಯುವ ಅಪ್ಪಂದಿರು ಇದನ್ನು ಗಮನಿಸಬೇಕು. ಎಲುಬು ಗಟ್ಟಿಯಾಗುತ್ತದೆ, ಗಾಯ ಕಡಿಮೆಯಾಗುತ್ತದೆ. ಫುಟ್‌ಬಾಲ್‌ನಲ್ಲಿ ಫಿಫಾ ರೂಪಿಸಿದ ‘11+’ ಎಂಬ ಸುಮಾರು 20 ನಿಮಿಷಗಳ ವಾರ್ಮ್-ಅಪ್‌ನಲ್ಲಿ ಬಲ, ಸಮತೋಲನ, ಜಿಗಿತ ಮೂರೂ ಇವೆ. ಅದನ್ನು ಬಿಡದೆ ಮಾಡಿದ ತಂಡಗಳಲ್ಲಿ ಗಾಯಗಳು ಕಡಿಮೆಯಾದವು. ಹದಿಹರೆಯದ ಹುಡುಗಿಯರಿಗೆ ಮಂಡಿಯ ಲಿಗಮೆಂಟ್ (ಎಲುಬುಗಳನ್ನು ಬಿಗಿದಿಡುವ ಪಟ್ಟಿ) ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ‘ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ’ ಎನ್ನುವವರಿಗೆ ಉತ್ತರ ಇಲ್ಲೇ ಇದೆ.

ಹೇಳಿದ್ದನ್ನು ಕೇಳಿ ಹಾಗೇ ಮಾಡಬಲ್ಲ ಮಗು, ಅಂದರೆ ಏಳೆಂಟು ವರ್ಷದಿಂದಲೇ, ಶುರು ಮಾಡಬಹುದು. ಹೃದಯದ ತೊಂದರೆ, ರಕ್ತದೊತ್ತಡ, ಫಿಟ್ಸ್ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಹಂತ 1: ಬರಿಮೈ ಬಸ್ಕಿ

ಶಾಲೆಯಲ್ಲಿ ಕಿವಿ ಹಿಡಿಸಿ ಹೊಡೆಸುವ ಬಸ್ಕಿ ಬೇರೆ, ಇದು ಬೇರೆ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಮೇಲೇಳುತ್ತದೆ, ಇಲ್ಲಿ ನೆಲ ಬಿಡಬಾರದು. ಪಾದಗಳು ಭುಜದಷ್ಟು ಅಗಲ. ಸೊಂಟವನ್ನು ಹಿಂದಕ್ಕೆ ತಳ್ಳಿ, ಹಿಂದೆ ಸ್ಟೂಲ್ ಇದೆ ಎಂದುಕೊಂಡು ಕೂರಬೇಕು. ಈಗ ಮಗುವಿನ ಎದುರು ನಿಂತು ಮಂಡಿಗಳನ್ನೇ ನೋಡಿ. ಮೇಲೇಳುವಾಗ ಎರಡೂ ಮಂಡಿ ಒಳಕ್ಕೆ ವಾಲಿ ಒಂದನ್ನೊಂದು ಮುಟ್ಟುವಂತಾಗುತ್ತವೆಯೇ? ಹೆಚ್ಚಿನ ಮಕ್ಕಳಲ್ಲಿ ಮೊದಲಿಗೆ ಹಾಗೇ ಆಗುತ್ತದೆ. ‘ಮಂಡಿ ಕಿರುಬೆರಳ ಕಡೆಗೆ’ ಎಂದು ಹೇಳಿಕೊಡಿ. ಆಮೇಲೆ ಪಕ್ಕಕ್ಕೆ ಬಂದು ಬೆನ್ನು ನೋಡಿ, ಗೂನಾಗುತ್ತಿದ್ದರೆ ಅಷ್ಟು ಕೆಳಕ್ಕೆ ಇಳಿಸಬೇಡಿ. ಇದಿಷ್ಟು ಸರಿಯಾಗುವ ತನಕ, ವಾರಗಳೇ ಹಿಡಿದರೂ, ಕೈಗೆ ಭಾರ ಕೊಡಬಾರದು.

ಹಂತ 2: ವಾರದ ಲೆಕ್ಕ

ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಐದು-ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಬಸ್ಕಿ, ಪುಶ್-ಅಪ್, ಒಂಟಿಕಾಲಲ್ಲಿ ನಿಲ್ಲುವುದು, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳು ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು). ಪುಶ್-ಅಪ್ ನೆಲದ ಮೇಲೆ ಬಾರದಿದ್ದರೆ ಗೋಡೆಗೆ ಕೈಯಿಟ್ಟು, ಆಮೇಲೆ ಬೆಂಚಿಗೆ. ಬಸ್ಕಿ, ಪುಶ್-ಅಪ್ ತಲಾ 8ರಿಂದ 12 ಸಲ, ಒಂದೋ ಎರಡೋ ಸೆಟ್.

ಹಂತ 3: ಜಿಗಿದು ಇಳಿಯುವುದು

ಒಂದು ಮೆಟ್ಟಿಲ ಮೇಲಿಂದ ಎರಡೂ ಕಾಲಲ್ಲಿ ಇಳಿಯಲು ಹೇಳಿ, ಸದ್ದು ಆಲಿಸಿ. ‘ಧಡ್’ ಎಂದರೆ ಭಾರವೆಲ್ಲ ಕೀಲಿನ ಮೇಲೆ ಬಿತ್ತು. ಮಂಡಿ, ಸೊಂಟ ಬಗ್ಗಿಸಿ ಮೆತ್ತಗೆ ಇಳಿದರೆ ತೊಡೆಯ ಸ್ನಾಯು ಆ ಪೆಟ್ಟನ್ನು ಹೀರಿಕೊಳ್ಳುತ್ತದೆ. ಕಬಡ್ಡಿ, ವಾಲಿಬಾಲ್ ಆಡುವವರು ಇದನ್ನು ಬಿಡುವಂತಿಲ್ಲ.

ಹಂತ 4: ಭಾರ ಸೇರಿಸುವುದು

ಮೊದಲಿಗೆ 2 ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಅವಚಿಕೊಂಡು ಬಸ್ಕಿ ಹೊಡೆಸಿದರೆ ಸಾಕು. ಭಂಗಿ ಕೆಡದೆ 15 ಸಲ ಬಂದ ಮೇಲೆ ಭಾರವನ್ನು ಶೇ 5ರಿಂದ 10ರಷ್ಟು ಹೆಚ್ಚಿಸಬಹುದು. ಜಿಮ್‌ನಲ್ಲಿ ಎಡವಟ್ಟಾಗುವುದು ಇಲ್ಲೇ. ಪ್ಲೇಟ್ ಸಿಕ್ಕಿಸುವ ಉದ್ದನೆಯ ಒಲಿಂಪಿಕ್ ಬಾರ್ ಖಾಲಿಯಿದ್ದರೂ 20 ಕೆ.ಜಿ., ಅಂದರೆ 40 ಕೆ.ಜಿ. ತೂಗುವ ಹುಡುಗನ ಅರ್ಧ ತೂಕ. ಎರಡು ಬದಿಗೂ 2.5 ಕೆ.ಜಿ. ಪ್ಲೇಟ್ ಹಾಕಿದಿರೋ, ಒಮ್ಮೆಲೇ ಕಾಲು ಪಾಲು ಭಾರ ಹೆಚ್ಚಾಯಿತು! ಚಿಕ್ಕ ಡಂಬೆಲ್ ಇರುವ ಕಡೆ ಹೋಗಿ. ‘ಒಂದೇ ಸಲಕ್ಕೆ ಎಷ್ಟು ಎತ್ತುತ್ತೀಯ ನೋಡೋಣ’ ಎಂಬ ಪಂದ್ಯವಂತೂ ಎಲುಬಿನ ಬೆಳವಣಿಗೆ ಮುಗಿಯುವ ತನಕ ಬೇಡ.

ಹಂತ 5: ಎತ್ತರ ಏರುವ ಕಾಲದಲ್ಲಿ

ಹುಡುಗಿಯರು ಸುಮಾರು 12ರಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ದಿಢೀರನೆ ಬೆಳೆಯುತ್ತಾರೆ. ನಿನ್ನೆ ತನಕ ಚೆನ್ನಾಗಿ ಆಡುತ್ತಿದ್ದವರು ಎಡವತೊಡಗುತ್ತಾರೆ, ಮಂಡಿಚಿಪ್ಪಿನ ಕೆಳಗೆ ನೋವು ಎನ್ನುತ್ತಾರೆ. ಸೋಮಾರಿತನ ಎಂದು ಬೈಯಬೇಡಿ. ಜಿಗಿತ ಕಡಿಮೆ ಮಾಡಿ, ಭಾರ ಇಳಿಸಿ, ಬಸ್ಕಿಯ ಭಂಗಿಯನ್ನು ಮತ್ತೆ ಮೊದಲಿಂದ ತಿದ್ದಿ. ಮರುದಿನ ಮೈಕೈ ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದಂತಾದರೆ, ಊದಿಕೊಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಡಬ್ಬಿಯ ಪ್ರೋಟೀನ್ ಪುಡಿಗೆ ದುಡ್ಡು ಸುರಿಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹಾಲು, ಮೊಟ್ಟೆ, ಶೇಂಗಾ, ಮೊಳಕೆ ಹೆಸರುಕಾಳು, ಜೊತೆಗೆ 12 ವರ್ಷದ ತನಕ ಒಂಬತ್ತು ಗಂಟೆಗೆ, ಹದಿಹರೆಯದಲ್ಲಿ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಸಾಕು.

ಪರೀಕ್ಷೆ ಬಂತೆಂದು ಎರಡು ತಿಂಗಳು ಪೂರ್ತಿ ಬಿಟ್ಟರೆ ಗಳಿಸಿದ ಬಲದಲ್ಲಿ ಬಹುಪಾಲು ಇಳಿದುಹೋಗುತ್ತದೆ. ವಾರಕ್ಕೆ ಒಂದು ದಿನ ಇಪ್ಪತ್ತು ನಿಮಿಷ ಮಾಡಿದರೂ ಸಾಕಷ್ಟು ಉಳಿಯುತ್ತದೆ. ಅದೂ ಆಗದಿದ್ದರೆ, ಮೈದಾನಕ್ಕೆ ಮರಳಿದ ವಾರ ಹಳೆಯ ಭಾರಕ್ಕೆ ಕೈ ಹಾಕದೆ ಅದರ ಅರ್ಧದಿಂದ ಶುರು ಮಾಡಲಿ.