ನಿಲ್ಲಿಸಿಟ್ಟ ಪದ್ಮಿನಿಯ ಬ್ಯಾಟರಿ ಇಳಿಯುತ್ತಿದೆಯೇ? ಕರೆಂಟ್ ಸೋರುವ ಜಾಗ ಹೀಗೆ ಹುಡುಕಿ

ಪದ್ಮಿನಿ, ಅಂಬಾಸಡರ್‌ನಂಥ ಹಳೆ ಕಾರು ಹತ್ತು ದಿನ ಶೆಡ್ಡಿನಲ್ಲಿ ನಿಂತು, ಸೆಲ್ಫ್ ಹೊಡೆದಾಗ ‘ಟಕ್’ ಅಂದು ಸುಮ್ಮನಾದರೆ ಹೆಚ್ಚಿನವರು ನೇರ ಬ್ಯಾಟರಿ ಅಂಗಡಿಗೆ ಹೋಗುತ್ತಾರೆ. ಸೋರಿಕೆ ಹಾಗೇ ಉಳಿದರೆ ಹೊಸದೂ ಬಾಳುವುದಿಲ್ಲ. ಪದೇ ಪದೇ ಪೂರ್ತಿ ಇಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

1. ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಿ. ಪೂರ್ತಿ ಚಾರ್ಜ್ ಮಾಡಿ, ಎರಡೂ ಟರ್ಮಿನಲ್ ಬಿಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ಇರಬೇಕು. ಏನೂ ಜೋಡಿಸದೆಯೂ 12.4ಕ್ಕಿಂತ ಕೆಳಗಿಳಿದಿದ್ದರೆ ದೋಷ ಬ್ಯಾಟರಿಯದ್ದೇ. ಮೇಲ್ಭಾಗದ ಆಸಿಡ್ ಕೊಳೆಯಿಂದಲೂ ಕರೆಂಟ್ ಹರಿಯುತ್ತದೆ. ಮುಚ್ಚಳ ಭದ್ರವಾಗಿಟ್ಟು, ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ.

2. ಎರಡೂ ಕೇಬಲ್ ಮತ್ತೆ ಜೋಡಿಸಿ, ಬಾಗಿಲು ಮುಚ್ಚಿ, ಕೀ ತೆಗೆದು, ನೆಗೆಟಿವ್ ಕೇಬಲ್ ಮಾತ್ರ ಬಿಚ್ಚಿ. (ಮಾರಿಸ್ ಮೈನರ್‌ನಂಥ ಪಾಸಿಟಿವ್ ಅರ್ತ್ ಗಾಡಿಯಾದರೆ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಸೇರಿದ್ದರೆ, ಆ ಮೈಗೆ ಹೋಗುವ ಕೇಬಲ್ ಬಿಚ್ಚಬೇಕು.) ಕೇಬಲ್ ತಾಗಿಸಿ ಕಿಡಿ ನೋಡುವ ಹಳೆ ಚಾಳಿ ಬಿಡಿ. ಚಾರ್ಜ್ ಆದ ಬ್ಯಾಟರಿಯ ಬಳಿ ಹೈಡ್ರೋಜನ್ ಇರುತ್ತದೆ, ಮೇಲಾಗಿ ಕಿಡಿ ಎಷ್ಟು ಕರೆಂಟ್ ಎಂದು ಹೇಳುವುದಿಲ್ಲ.

3. ಹೆಚ್ಚಿನವರು ಕೆಡಿಸುವುದು ಇಲ್ಲೇ. ಮೀಟರನ್ನು ಕೂಡಲೇ ಜೋಡಿಸಬೇಡಿ. ಮೊದಲು 12 ವೋಲ್ಟ್, 21 ವಾಟ್‌ನ ಇಂಡಿಕೇಟರ್ ಬಲ್ಬನ್ನು ಬಿಚ್ಚಿದ ಕೇಬಲ್ಲಿಗೂ ಅದು ಕೂತಿದ್ದ ಬ್ಯಾಟರಿ ಟರ್ಮಿನಲ್‌ಗೂ ನಡುವೆ ಸೇರಿಸಿ. ಬಲ್ಬ್ ಜೋರಾಗಿ ಉರಿದರೆ ಸೋರಿಕೆ ಒಂದು ಆಂಪಿಯರ್‌ಗಿಂತ ಹೆಚ್ಚು. ಆ ಸ್ಥಿತಿಯಲ್ಲಿ ಮೀಟರ್ ಹಾಕಿದರೆ ಅದರ ಫ್ಯೂಸ್ ಹಾರಬಹುದು. ಉರಿಯದಿದ್ದರೆ ಮಾತ್ರ ಬಲ್ಬ್ ತೆಗೆದು ಅದೇ ಜಾಗದಲ್ಲಿ ಮಲ್ಟಿಮೀಟರ್ ಕೂರಿಸಿ: ಕೆಂಪು ತಂತಿ 10 ಆಂಪಿಯರ್ ತೂತಿಗೆ, ಕಪ್ಪು ಕಾಮನ್‌ಗೆ, ನಾಬ್ ಡಿಸಿ ಆಂಪಿಯರ್‌ಗೆ. ಅಂಕಿ 200 ಮಿಲಿಆಂಪಿಯರ್ ಒಳಗಿದ್ದರೆ ಸಣ್ಣ ರೇಂಜಿಗೆ ಇಳಿಯಿರಿ. ಮೀಟರ್ ಇರುವಾಗ ಕೀ ತಿರುಗಿಸುವುದು, ಸೆಲ್ಫ್ ಹೊಡೆಯುವುದು ಬೇಡವೇ ಬೇಡ. ಎಸಿ ಕರೆಂಟ್ ಮಾತ್ರ ಅಳೆಯುವ ಅಗ್ಗದ ಕ್ಲಾಂಪ್ ಮೀಟರ್ ಈ ಕೆಲಸಕ್ಕೆ ದಂಡ.

ಈ ಕಾರುಗಳಲ್ಲಿ ಕಂಪ್ಯೂಟರ್ ಇಲ್ಲ. ಗಡಿಯಾರ, ಸ್ಟೀರಿಯೊ ಇಲ್ಲದಿದ್ದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಇದ್ದರೆ ಕೆಲವು ಮಿಲಿಆಂಪಿಯರ್ ಸಹಜ. 50 ದಾಟಿದರೆ ಹುಡುಕಲೇಬೇಕು. 100 ಮಿಲಿಆಂಪಿಯರ್ ಸೋರಿದರೂ ದಿನಕ್ಕೆ 2.4 ಆಂಪಿಯರ್-ಅವರ್ ಹೋಗುತ್ತದೆ, ಅಂದರೆ 40ರ ಬ್ಯಾಟರಿ ಎಂಟು ದಿನಕ್ಕೆ ಅರ್ಧ ಖಾಲಿ. ಡಿಕ್ಕಿಯ 5 ವಾಟ್ ಬಲ್ಬ್ ಉರಿಯುತ್ತಲೇ ಇದ್ದರೆ ಎರಡೇ ದಿನ ಸಾಕು. ಡಿಕ್ಕಿ ಮುಚ್ಚಿದ ಮೇಲೆ ಅದು ಆರಿತೇ ಎಂದು ತಿಳಿಯಲು ಮೊಬೈಲನ್ನು ವಿಡಿಯೊ ರೆಕಾರ್ಡಿಂಗ್‌ನಲ್ಲಿ ಒಳಗಿಟ್ಟು ಮುಚ್ಚಿ.

4. ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಮೀಟರ್ ನೋಡಿ. ಅಂಕಿ ಯಾವುದರಲ್ಲಿ ಬಿತ್ತೋ ಆ ಲೈನಿನ ಕನೆಕ್ಟರ್‌ಗಳನ್ನು ಒಂದೊಂದೇ ಬಿಡಿಸಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಕಂಡರೆ ಆಗಲೇ ಎಸೆಯಿರಿ. ಮೊದಲ ಅನುಮಾನ ಸ್ಟೀರಿಯೊ ಮೇಲಿರಲಿ. ನೆನಪಿಗೆ ಬೇಕಾದ ಹಳದಿ ತಂತಿ, ಕೀಯಿಂದ ಬರಬೇಕಾದ ಕೆಂಪು ತಂತಿ ಎರಡನ್ನೂ ತಿರುಚಿ ಒಂದೇ ಕಡೆ ಕಟ್ಟಿ ಟೇಪ್ ಸುತ್ತುವುದು ಬಹಳ ಸಾಮಾನ್ಯ. ರಿಮೋಟ್ ಲಾಕ್, ಆಂಪ್ಲಿಫಯರ್, ಜಿಪಿಎಸ್ ಟ್ರ್ಯಾಕರ್ ನಂತರದ ಸರದಿಯಲ್ಲಿವೆ.

5. ಎಲ್ಲ ಫ್ಯೂಸ್ ತೆಗೆದರೂ ಅಂಕಿ ಕದಲದಿದ್ದರೆ ಗಾಬರಿ ಬೇಡ. ಈ ಗಾಡಿಗಳಲ್ಲಿ ಚಾರ್ಜಿಂಗ್, ಇಗ್ನಿಷನ್‌ನಂಥ ಲೈನುಗಳು ಬಹುತೇಕ ಫ್ಯೂಸ್ ದಾಟಿ ಹೋಗುವುದಿಲ್ಲ. ಆಲ್ಟರ್ನೇಟರ್ ಇದ್ದರೆ, ಬ್ಯಾಟರಿ ಪೂರ್ತಿ ಬಿಡಿಸಿಯೇ ಅದರ ದಪ್ಪ ತಂತಿ ಕಳಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಸೋರಿಕೆ ನಿಂತರೆ ಅದರ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಿದೆ. ಡೈನಮೋ ಗಾಡಿಯಾದರೆ ಕಟೌಟ್ (ಎಂಜಿನ್ ನಿಂತಾಗ ಡೈನಮೋವನ್ನು ಬ್ಯಾಟರಿಯಿಂದ ಬೇರ್ಪಡಿಸುವ ರಿಲೇ) ಮುಚ್ಚಳ ತೆಗೆದು ನೋಡಿ. ಎಂಜಿನ್ ನಿಂತಾಗ ಅದರ ಪಾಯಿಂಟುಗಳ ನಡುವೆ ಸಂದು ಕಾಣಬೇಕು. ಅವು ಅಂಟಿಕೊಂಡಿದ್ದರೆ ಬ್ಯಾಟರಿ ಡೈನಮೋವನ್ನು ಮೋಟರಿನಂತೆ ತಿರುಗಿಸಲು ಹೆಣಗುತ್ತದೆ. ಆಂಪಿಯರ್‌ಗಟ್ಟಲೆ ಕರೆಂಟ್ ಹರಿದು ಡೈನಮೋ, ತಂತಿ ಎರಡೂ ಬಿಸಿಯಾಗುತ್ತವೆ. ಮೂರನೇ ಹಂತದಲ್ಲಿ ಇಂಡಿಕೇಟರ್ ಬಲ್ಬ್ ಜೋರಾಗಿ ಉರಿದಿದ್ದರೆ ಬಾಗಿಲ ಬಲ್ಬ್, ಬ್ರೇಕ್ ಲೈಟ್ ಆರಿವೆಯೇ ಎಂದು ನೋಡಿ, ನಂತರ ಈ ಐದನೇ ಹಂತದಿಂದಲೇ ಶುರು ಮಾಡಿ. ಕಟೌಟ್ ಪಾಯಿಂಟಿನಲ್ಲಿ ಗುಳಿ ಬಿದ್ದಿದ್ದರೆ ಉಪ್ಪುಕಾಗದ ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ.

ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಕಟ್-ಆಫ್ ಸ್ವಿಚ್ ಹಾಕಿಸಿಕೊಳ್ಳುವುದು ಒಳ್ಳೆಯದೇ, ಆದರೆ ರಿಪೇರಿಯ ಬದಲಿಗಲ್ಲ. ಹಾಕಿಸುವುದಾದರೆ ಗಟ್ಟಿ ಹಿತ್ತಾಳೆಯದು ತನ್ನಿ. ಸಂತೆ ದರದ ಹಸಿರು ನಾಬಿನವು ಬೇಗ ಸಡಿಲವಾಗಿ ಸೆಲ್ಫ್ ಹೊಡೆದಾಗ ಬಿಸಿಯಾಗುತ್ತವೆ.

ಕೊನೆಗೆ ಎಲ್ಲ ಫ್ಯೂಸ್ ಕೂರಿಸಿ ಇನ್ನೊಮ್ಮೆ ಅಳೆದು, ಕೇಬಲ್ ಬಿಗಿದ ಮೇಲೆ ಹೊರಗಡೆ ತೆಳುವಾಗಿ ವ್ಯಾಸಲಿನ್ ಸವರಿ.