ಗೇಮ್ ಬಾಯ್‌ಗೆ ಲಿಂಕರ್ ಬರೆಯುವುದು ಹೇಗೆ? ವಿಳಾಸ ಹಂಚುವ ಆತುರ ಬೇಡ

ಬೇರೆ ಬೇರೆ ಫೈಲ್‌ಗಳಲ್ಲಿರುವ ಕೋಡ್ ತುಂಡುಗಳನ್ನು ಒಂದೇ ಪ್ರೋಗ್ರಾಂ ಆಗಿ ಜೋಡಿಸುವ ಸಾಧನವೇ ಲಿಂಕರ್. ಅದನ್ನು ಬರೆಯಲು ಹೊರಟವರ ಮೊದಲ ಪ್ರಯತ್ನ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಂದು ಆಬ್ಜೆಕ್ಟ್ ಫೈಲ್ (ಬೈಟ್‌ಗಳಾಗಿರುವ, ಇನ್ನೂ ಜೋಡಣೆಯಾಗದ ಕೋಡ್) ಓದುತ್ತಾರೆ, ಅದರ ಬೈಟ್‌ಗಳನ್ನು ಔಟ್‌ಪುಟ್‌ಗೆ ಸುರಿಯುತ್ತಾರೆ, ಮುಂದಿನ ಫೈಲನ್ನು ಅದರ ಬಾಲಕ್ಕೆ ಅಂಟಿಸುತ್ತಾರೆ. ಹೋಗ್ತಾ ಹೋಗ್ತಾ ಪ್ರತಿ ಲೇಬಲ್‌ಗೂ, ಅಂದರೆ ಕೋಡ್‌ನ ಜಾಗಕ್ಕೆ ಇಟ್ಟ ಹೆಸರಿಗೂ, ಒಂದು ವಿಳಾಸ ಬರೆದುಕೊಳ್ಳುತ್ತಾರೆ. ಪುಟ್ಟ ಆಟಕ್ಕೆ ಇದು ನಡೆಯುತ್ತದೆ. ಆಟ 32 ಕೆಬಿ ದಾಟಿದ ದಿನ ಎಲ್ಲಾ ಕಳಚಿ ಬೀಳುತ್ತದೆ. ನಾನೂ ಹೀಗೇ ಮಾಡಿದ್ದೆ. ಎರಡು ವಾರ ತೇಪೆ ಹಾಕಿದೆ, ಆಮೇಲೆ ಪೂರ್ತಿ ಅಳಿಸಿ ಮತ್ತೆ ಬರೆದೆ.

ನಿಮಗೆ ಆಟ ಮುಗಿಸುವುದಷ್ಟೇ ಮುಖ್ಯವಾದರೆ ಇಲ್ಲೇ ನಿಲ್ಲಿಸಿ. ಆರ್‌ಜಿಬಿಡಿಎಸ್ ಎಂಬ ಉಚಿತ ಅಸೆಂಬ್ಲರ್ (ಬರೆದ ಕೋಡನ್ನು ಬೈಟ್‌ಗಳಾಗಿಸುವ ಪ್ರೋಗ್ರಾಂ) ಇದೆ, ಜೊತೆಗೆ ಒಳ್ಳೆಯ ಲಿಂಕರ್ ಕೂಡ ಬರುತ್ತದೆ. ಅದನ್ನೇ ಬಳಸಿ. ಒಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಇದ್ದವರು ಮಾತ್ರ ಮುಂದೆ ಓದಿ.

ಮೊದಲು ಯಂತ್ರದ ನಕ್ಷೆ

ನಿಂಟೆಂಡೊ 1989ರಲ್ಲಿ ತಂದ ಗೇಮ್ ಬಾಯ್‌ನ ಪ್ರೊಸೆಸರ್‌ಗೆ ಕಾಣುವುದು 64 ಕೆಬಿ ವಿಳಾಸಗಳು. ಅದರಲ್ಲಿ ಆಟ ತುಂಬಿರುವ ಚಿಪ್‌ಗೆ, ಅಂದರೆ ಕಾರ್ಟ್‌ರಿಡ್ಜ್‌ನ ರೋಮ್‌ಗೆ, ಸಿಗುವುದು 32 ಕೆಬಿ ಮಾತ್ರ. ಟೆಟ್ರಿಸ್ ಅಷ್ಟರಲ್ಲೇ ಹಿಡಿಯಿತು. ಅದಕ್ಕಿಂತ ದೊಡ್ಡ ಆಟಗಳಲ್ಲಿ ಮೊದಲ 16 ಕೆಬಿ ಸದಾ ಅಲ್ಲೇ ಇರುತ್ತದೆ. $4000ರಿಂದ ($ ಇದ್ದರೆ ಹೆಕ್ಸ್, ಅಂದರೆ 16ರ ಲೆಕ್ಕದ ಸಂಖ್ಯೆ; ಇದು 16,384) ಶುರುವಾಗುವ ಎರಡನೇ 16 ಕೆಬಿಯಲ್ಲಿ ಬೇಕಾದ ಬ್ಯಾಂಕನ್ನು, ಅಂದರೆ ರೋಮ್‌ನ 16 ಕೆಬಿ ತುಂಡನ್ನು, ತಂದು ಕೂರಿಸುತ್ತಾರೆ. ಕಾರ್ಟ್‌ರಿಡ್ಜ್‌ನಲ್ಲಿ ಬ್ಯಾಂಕ್ ಬದಲಿಸುವ ಎಂಬಿಸಿ5 ಚಿಪ್ ಇದ್ದರೆ ಇಂಥ 512 ಬ್ಯಾಂಕ್‌ಗಳು, ಅಂದರೆ 8 ಎಂಬಿ. ಹಾಗಾಗಿ $4000 ಎಂಬ ಒಂದೇ ವಿಳಾಸದಲ್ಲಿ ನೂರಾರು ಬೇರೆ ಬೇರೆ ಬೈಟ್‌ಗಳು ಇರಬಹುದು. ವಿಳಾಸ ಎಂದರೆ ಇಲ್ಲಿ ಒಂದು ಸಂಖ್ಯೆಯಲ್ಲ. ಬ್ಯಾಂಕ್ ಮತ್ತು ಸಂಖ್ಯೆ ಸೇರಿದ ಜೋಡಿ.

ಇದನ್ನೆಲ್ಲ ಕೋಡ್‌ನ ಉದ್ದಕ್ಕೂ ಇಫ್-ಎಲ್ಸ್ ಆಗಿ ಚೆಲ್ಲಬೇಡಿ. ಒಂದು ಟೇಬಲ್ ಮಾಡಿ. ಒಂದೊಂದು ಸಾಲಿನಲ್ಲಿ ಆ ಪ್ರದೇಶದ ಹೆಸರು, ಎಲ್ಲಿಂದ ಶುರು, ಎಷ್ಟು ದೊಡ್ಡದು, ಎಷ್ಟು ಬ್ಯಾಂಕ್, ಅದು ರೋಮ್ ಫೈಲ್‌ಗೆ ಹೋಗುತ್ತದೋ ಇಲ್ಲವೋ ಇಷ್ಟಿರಲಿ. ಎಂಬಿಸಿ1 ಚಿಪ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಅದರಲ್ಲಿ 32, 64, 96ನೇ ಬ್ಯಾಂಕ್‌ಗಳನ್ನು $4000ರಲ್ಲಿ ಕೂರಿಸಲು ಆಗುವುದೇ ಇಲ್ಲ. ಕೇಳಿದರೆ ಪಕ್ಕದ 33, 65, 97 ಬರುತ್ತವೆ. ಆ ಮೂರನ್ನೂ ಟೇಬಲ್‌ನಲ್ಲೇ ಕಾಟು ಹಾಕಿ.

ಓದುವುದು

ಫೈಲ್ ಓದುವುದು ಸುಲಭ. ಮೂರು ಅರೇಗಳು ಸಾಕು: ಸೆಕ್ಷನ್ (ಒಟ್ಟಿಗೇ ಕೂರಬೇಕಾದ ಬೈಟ್‌ಗಳ ತುಂಡು), ಸಿಂಬಲ್ (ಲೇಬಲ್‌ಗಳ, ಸ್ಥಿರ ಸಂಖ್ಯೆಗಳ ಹೆಸರು), ಪ್ಯಾಚ್ (ವಿಳಾಸ ಗೊತ್ತಾದ ಮೇಲೆ ತುಂಬಬೇಕಾದ ಬೈಟ್).

ಆದರೆ ಸಿಂಬಲ್‌ನ ಸ್ಟ್ರಕ್ಟ್‌ನಲ್ಲಿ ವಿಳಾಸ ಎಂಬ ಫೀಲ್ಡ್ ಇಡಬೇಡಿ. ಯಾವ ಸೆಕ್ಷನ್, ಅದರೊಳಗೆ ಎಷ್ಟನೇ ಬೈಟ್, ಈ ಎರಡೇ ಇರಲಿ. ವಿಳಾಸ ಇರಬೇಕಾದದ್ದು ಸೆಕ್ಷನ್‌ಗೆ ಮಾತ್ರ, ಅದೂ ಜಾಗ ಹಂಚಿದ ಮೇಲೆ. ಸಿಂಬಲ್‌ನ ವಿಳಾಸ ಬೇಕಾದಾಗ ಎರಡನ್ನೂ ಕೂಡಿಸಿ ತೆಗೆಯಿರಿ. ಅದನ್ನೂ ಬರೆದಿಟ್ಟುಕೊಂಡರೆ ವೇಗ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಒಂದು ಕೂಡಿಸುವ ಲೆಕ್ಕ ಉಳಿಸಲು ಹೋಗಿ ಹಳಸಿದ ವಿಳಾಸಗಳ ಹಿಂದೆ ರಾತ್ರಿಯೆಲ್ಲಾ ಓಡುತ್ತೀರಿ. ಸ್ಥಿರ ಸಂಖ್ಯೆಗಳಿಗೆ ಸೆಕ್ಷನ್ ಜಾಗದಲ್ಲಿ -1 ಹಾಕಿದರಾಯಿತು.

ಹೆಸರಿನಿಂದ ಸಿಂಬಲ್ ಹುಡುಕಲು ಒಂದು ಹ್ಯಾಶ್ ಟೇಬಲ್ ಇರಲಿ. ಅದಕ್ಕೆ ಹೊರಗಿನವರು ಬಳಸಬಹುದಾದ ಹೆಸರುಗಳನ್ನು ಮಾತ್ರ ಹಾಕಿ. ಹತ್ತು ಫೈಲ್‌ಗಳಲ್ಲಿ ಹತ್ತು ‘ಲೂಪ್’ ಇರುವುದು ತಪ್ಪೇನಲ್ಲ. ಅವು ಆಯಾ ಫೈಲ್‌ನ ಒಳಮನೆ ವ್ಯವಹಾರ. ಒಂದೇ ಹೆಸರು ಎರಡು ಕಡೆ ಹೊರಬಂದರೆ ಎರಡೂ ಫೈಲ್‌ಗಳ ಹೆಸರು, ಸಾಲಿನ ಸಂಖ್ಯೆ ಹೇಳಿ ಬೈಯಿರಿ. ‘ಡೂಪ್ಲಿಕೇಟ್ ಸಿಂಬಲ್’ ಎಂದಷ್ಟೇ ಹೇಳಿ ಸುಮ್ಮನಾಗುವ ಲಿಂಕರ್ ಕಂಡರೆ ನನಗೆ ಆಗುವುದಿಲ್ಲ.

ಜಾಗ ಹಂಚುವುದು: ಎಡವುವುದು ಇಲ್ಲೇ

ಸೆಕ್ಷನ್‌ಗಳಿಗೆ ಒಂದೊಂದು ಹಟ ಇರುತ್ತದೆ. ಹೆಡರ್, ಅಂದರೆ ಕಾರ್ಟ್‌ರಿಡ್ಜ್‌ನ ಪರಿಚಯದ ಬೈಟ್‌ಗಳು, $0100ರಲ್ಲೇ ಕೂರಬೇಕು. ಪರದೆ ಬಿಡಿಸಿ ಮುಗಿದಾಗ ಬರುವ ಇಂಟರಪ್ಟ್ (ಪ್ರೊಸೆಸರ್‌ನ ಕೆಲಸವನ್ನು ನಡುವೆ ತಡೆಯುವ ಕರೆ) ನೆಗೆಯುವುದು $0040ಕ್ಕೇ. ಕೆಲವು ಟೇಬಲ್‌ಗಳು 256ರ ಗುಣಕದಲ್ಲೇ ಶುರುವಾಗಬೇಕು, ಆಗ ವಿಳಾಸದ ಕೆಳಗಿನ ಬೈಟನ್ನೇ ಇಂಡೆಕ್ಸ್ ಆಗಿ ಬಳಸಬಹುದು. ಕೆಲವಕ್ಕೆ ಇಂಥದ್ದೇ ಬ್ಯಾಂಕ್ ಬೇಕು. ಉಳಿದವು ಎಲ್ಲಿ ಹಾಕಿದರೂ ಸರಿ.

ಮನೆ ಖಾಲಿ ಮಾಡುವಾಗ ಟೆಂಪೋಗೆ ಸಾಮಾನು ತುಂಬಿದ್ದೀರಲ್ಲ? ಬೀರು, ಮಂಚ ಮೊದಲು. ಚೊಂಬು, ಲೋಟ ಕೊನೆಗೆ ಸಂದಿಗಳಲ್ಲಿ. ಇಲ್ಲೂ ಅಷ್ಟೇ. ವಿಳಾಸ ಗೊತ್ತುಪಡಿಸಿದವು ಮೊದಲು. ಆಮೇಲೆ ಬ್ಯಾಂಕ್ ಗೊತ್ತುಪಡಿಸಿದವು. ಆಮೇಲೆ ಗುಣಕದ ಹಟ ಇರುವವು. ಕೊನೆಗೆ ಎಲ್ಲಿಯಾದರೂ ಸೈ ಎನ್ನುವವು. ಒಂದೊಂದು ಗುಂಪಿನಲ್ಲೂ ದೊಡ್ಡವು ಮೊದಲು. ಆಬ್ಜೆಕ್ಟ್ ಫೈಲ್ ಬಂದ ಕ್ರಮದಲ್ಲೇ ಹಂಚಲು ಹೋದರೆ ಯಾವುದೋ ಪುಟ್ಟ ಸೆಕ್ಷನ್ ಹೋಗಿ $0100ರ ಮೇಲೆ ಕೂತಿರುತ್ತದೆ, ಹೆಡರ್‌ಗೆ ಜಾಗವೇ ಇರುವುದಿಲ್ಲ.

ಪ್ರತಿ ಬ್ಯಾಂಕ್‌ಗೂ ಖಾಲಿ ಜಾಗಗಳ ಪಟ್ಟಿ ಇಟ್ಟುಕೊಳ್ಳಿ. ಒಂದೊಂದು ಖಾಲಿ ಜಾಗಕ್ಕೂ ಎರಡೇ ಸಂಖ್ಯೆ: ಶುರು, ಉದ್ದ. ಪಟ್ಟಿ ವಿಳಾಸದ ಕ್ರಮದಲ್ಲಿ ಇರಲಿ. ಪಾಯಿಂಟರ್‌ಗಳ ಲಿಂಕ್ಡ್ ಲಿಸ್ಟ್ ಬೇಡ, ಸಾದಾ ಅರೇ ಸಾಕು. ಒಂದು ಬ್ಯಾಂಕ್‌ನಲ್ಲಿ ಮಹಾ ಅಂದರೆ ಹತ್ತಿಪ್ಪತ್ತು ಸಂದಿಗಳಿರುತ್ತವೆ.

ಲೆಕ್ಕ ಮಾಡಿಯೇ ನೋಡೋಣ. ಕಣ್ಣಿಗೆ ಸುಲಭವಾಗಲಿ ಎಂದು ಹೆಕ್ಸ್ ಬಿಟ್ಟು ಮಾಮೂಲಿ ಸಂಖ್ಯೆಯಲ್ಲಿ ಬರೆಯುತ್ತೇನೆ. ಬ್ಯಾಂಕ್ 0 ಶುರುವಿನಲ್ಲಿ ಪೂರ್ತಿ ಖಾಲಿ: 0ಯಿಂದ 16,384 ಬೈಟ್. ಹೆಡರ್ 256ರಲ್ಲಿ ($0100) ಕೂರುತ್ತದೆ, ಉದ್ದ 80. ಈಗ ಖಾಲಿ ಜಾಗ ಎರಡು ತುಂಡಾಯಿತು: 0ಯಿಂದ 256 ಬೈಟ್, 336ರಿಂದ 16,048 ಬೈಟ್. ತುಂಬಾ ಜನ ಹೆಡರ್ ಆದ ಮೇಲಿನ ತುಂಡನ್ನು ಮಾತ್ರ ಇಟ್ಟುಕೊಂಡು ಅದಕ್ಕಿಂತ ಮೊದಲಿನದ್ದನ್ನು ಮರೆಯುತ್ತಾರೆ. ನಡುವೆ ಕತ್ತರಿಸಿದರೆ ಎರಡು ತುಂಡು, ತುದಿಯಲ್ಲಿ ಕತ್ತರಿಸಿದರೆ ಒಂದು, ಪೂರ್ತಿ ತುಂಬಿದರೆ ಸೊನ್ನೆ. ಮೂರನ್ನೂ ಬರೆಯಿರಿ.

ಇನ್ನು ಇಂಟರಪ್ಟ್‌ನ ಜಂಪ್. 64ರಲ್ಲಿ ($0040) 3 ಬೈಟ್. ಮೊದಲ ಸಂದಿ ಮತ್ತೆ ಒಡೆಯಿತು: 0ಯಿಂದ 64, 67ರಿಂದ 189. ಇಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ. 64ರಲ್ಲೇ ಶುರುವಾಗುವ ಖಾಲಿ ಜಾಗ ಹುಡುಕಿದರೆ ಸಿಗುವುದಿಲ್ಲ. 64ರಿಂದ 66ರವರೆಗೆ ಪೂರ್ತಿ ತನ್ನೊಳಗೆ ಇಟ್ಟುಕೊಂಡಿರುವ ಜಾಗ ಹುಡುಕಬೇಕು.

ಈಗ 256 ಬೈಟ್‌ನ ಸೈನ್ ಟೇಬಲ್, 256ರ ಗುಣಕದಲ್ಲೇ ಶುರುವಾಗಬೇಕು. ಮೊದಲೆರಡು ಸಂದಿ ಸಾಲದು. ಮೂರನೆಯದು 336ರಿಂದ ಶುರು, ಮುಂದಿನ ಗುಣಕ 512. ಅಲ್ಲಿ ಕೂರಿಸಿದರೆ ಅದಕ್ಕಿಂತ ಮೊದಲು 336ರಿಂದ 176 ಬೈಟ್ ಸಂದಿ ಉಳಿಯುತ್ತದೆ, ಆಮೇಲೆ 768ರಿಂದ 15,616. ಉದ್ದ ಹಿಡಿಸುತ್ತದೆಯೇ ಎಂದು ಗುಣಕಕ್ಕೆ ಸರಿಸಿದ ಮೇಲೆ ನೋಡಬೇಕು, ಮೊದಲಲ್ಲ. ಈ ಟೇಬಲ್ 160 ಬೈಟ್‌ನದ್ದಾಗಿದ್ದರೆ 67ರಿಂದಿರುವ 189 ಬೈಟ್‌ನ ಸಂದಿ ಸಾಕು ಎಂದೇ ಅನಿಸುತ್ತಿತ್ತು. ಅಲ್ಲಿಂದ ಮುಂದಿನ ಗುಣಕ ಎಷ್ಟು? 256. ಅಲ್ಲಿ ಹೆಡರ್ ಕೂತಿದೆ! ಮೊದಲೇ ಉದ್ದ ನೋಡಿ ‘ಹಿಡಿಸ್ತು’ ಎಂದುಕೊಂಡವರು ಹೆಡರ್ ಮೇಲೆಯೇ ಟೇಬಲ್ ಬರೆದು ಕೂತಿರುತ್ತಾರೆ.

ಕೊನೆಗೆ ಹಟವಿಲ್ಲದ 150 ಬೈಟ್‌ನ ಒಂದು ಸೆಕ್ಷನ್. ಹಿಡಿಸುವ ಮೊದಲ ಸಂದಿಯಲ್ಲೇ ಹಾಕಿ ಮುಗಿಸಿ. ಅದು 67ರಲ್ಲಿ ಕೂರುತ್ತದೆ, 217ರಿಂದ 39 ಬೈಟ್ ಉಳಿಯುತ್ತದೆ. ಬೇರೆ ಇಂಟರಪ್ಟ್‌ಗಳ ಜಾಗದ ಮೇಲೆ ಕೂತಿತಲ್ಲ ಎಂದು ಕೇಳಬಹುದು. ಹೌದು, ಕೂತಿತು. ಆ ಇಂಟರಪ್ಟ್‌ಗಳನ್ನು ಬಳಸದಿದ್ದರೆ ಅದು ಸುಮ್ನೆ ಬಿದ್ದಿರುವ ಜಾಗ. ಬಳಸುವವರು ಅಲ್ಲಿಗೂ ವಿಳಾಸ ಗೊತ್ತುಪಡಿಸಿದ ಸೆಕ್ಷನ್ ಬರೆದಿರಬೇಕು.

ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಸಂದಿ ಹುಡುಕುವ ಬುದ್ಧಿವಂತಿಕೆಗೆ ಹೋಗಬೇಡಿ. ಉಳಿಯುವುದು ಸ್ವಲ್ಪ, ಗೋಜಲು ಜಾಸ್ತಿ.

ಎರಡು ವಿಳಾಸದ ಸೆಕ್ಷನ್

ಗೇಮ್ ಬಾಯ್‌ನಲ್ಲಿ ಸ್ಪ್ರೈಟ್‌ಗಳ (ಪರದೆ ಮೇಲೆ ಓಡಾಡುವ ಪುಟ್ಟ ಚಿತ್ರಗಳ) 160 ಬೈಟ್ ಪಟ್ಟಿಯನ್ನು ಡಿಎಂಎ (ಪ್ರೊಸೆಸರ್ ಬದಲು ಬೈಟ್ ಸಾಗಿಸುವ ಯಂತ್ರಭಾಗ) ಸಾಗಿಸುತ್ತಿರುವಾಗ ಪ್ರೊಸೆಸರ್ ನೆಚ್ಚಿಕೊಳ್ಳಬಹುದಾದದ್ದು 127 ಬೈಟ್‌ನ ಪುಟ್ಟ ಮೆಮೊರಿಯಾದ ಎಚ್‌ರ‍್ಯಾಮ್ ಒಂದನ್ನೇ. ಹಾಗಾಗಿ ಸಾಗಣೆ ಮುಗಿಯುವವರೆಗೆ ಕಾಯುವ ಪುಟ್ಟ ಕೋಡನ್ನು ರೋಮ್‌ನಲ್ಲಿ ಇಟ್ಟು, ಆಟ ಶುರುವಾದಾಗ ಎಚ್‌ರ‍್ಯಾಮ್‌ಗೆ ನಕಲು ಮಾಡಿ, ಅಲ್ಲಿಂದ ಓಡಿಸುತ್ತಾರೆ. ಅದರ ಬೈಟ್‌ಗಳು ಇರುವುದು ಒಂದು ಕಡೆ, ಓಡುವುದು ಇನ್ನೊಂದು ಕಡೆ.

ಇದಕ್ಕೆ ವಿಶೇಷ ಕೋಡ್ ಬರೆದು ಒದ್ದಾಡಬೇಡಿ. ಪ್ಯಾಚ್‌ನ ಸ್ಟ್ರಕ್ಟ್‌ನಲ್ಲೇ ಎರಡು ಜೋಡಿ ಇಡಿ. ಉತ್ತರವನ್ನು ಯಾವ ಸೆಕ್ಷನ್‌ನ ಎಷ್ಟನೇ ಬೈಟ್‌ನಲ್ಲಿ ಬರೆಯಬೇಕು ಎಂಬುದು ಒಂದು. ಲೆಕ್ಕ ಹಾಕುವಾಗ ‘ಈಗ ಇಲ್ಲಿದ್ದೇನೆ’ ಎಂದುಕೊಳ್ಳಬೇಕಾದ ಸೆಕ್ಷನ್ ಮತ್ತು ಬೈಟ್ ಇನ್ನೊಂದು. ಮಾಮೂಲಿ ಸೆಕ್ಷನ್‌ಗೆ ಎರಡೂ ಒಂದೇ. ಒಂದೇ ಜೋಡಿ ಇಟ್ಟವರಿಗೆ ಲೇಬಲ್ ಎಚ್‌ರ‍್ಯಾಮ್‌ನಲ್ಲಿ, ತಾವು ರೋಮ್‌ನಲ್ಲಿ ಎಂದು ಕಾಣುತ್ತದೆ. ನಾಲ್ಕು ಬೈಟ್ ಹಿಂದೆ ನೆಗೆಯಬೇಕಾದ ಕೋಡ್‌ಗೆ ‘ತುಂಬಾ ದೂರ’ ಎಂಬ ಎರರ್ ಬರುತ್ತದೆ.

ಪ್ಯಾಚ್ ಹಚ್ಚುವುದು

ದೊಡ್ಡ ಕಂಪ್ಯೂಟರ್‌ಗಳ ಲಿಂಕರ್‌ನಲ್ಲಿ ‘ಸಿಂಬಲ್ ಕೂಡಿಸು ಒಂದು ಸಂಖ್ಯೆ’ ಎಂಬ ರೂಪ ಬಹುಪಾಲು ಸಾಕಾಗುತ್ತದೆ. 8 ಬಿಟ್ ಯಂತ್ರದಲ್ಲಿ ಸಾಲದು. ವಿಳಾಸದ ಮೇಲಿನ ಬೈಟ್ ಮಾತ್ರ ಬೇಕು, ಎರಡು ಲೇಬಲ್‌ಗಳ ನಡುವಿನ ದೂರ ಬೇಕು, ‘ಈ ಹಾಡು ಯಾವ ಬ್ಯಾಂಕ್‌ನಲ್ಲಿದೆ’ ಎಂಬ ಉತ್ತರವೂ ಬೇಕು. ಹಾಗಾಗಿ ಪ್ಯಾಚ್‌ನೊಳಗೆ ಇಡೀ ಲೆಕ್ಕವನ್ನೇ ಇಡಿ, ಚಿಹ್ನೆ ಕೊನೆಗೆ ಬರುವ ರೂಪದಲ್ಲಿ. 3+4 ಎಂಬುದು 3 4 + ಆಗುತ್ತದೆ. ಬಿಡಿಸಲು ಒಂದು ಸ್ಟ್ಯಾಕ್ ಸಾಕು. ಬ್ಯಾಂಕ್ ಯಾವುದು ಎಂಬ ಪ್ರಶ್ನೆ ಅದರಲ್ಲಿ ಇನ್ನೊಂದು ಚಿಹ್ನೆ, ಅಷ್ಟೇ.

ಚಿಕ್ಕ ಜಂಪ್, ಅಂದರೆ ಜೆಆರ್, ಎಲ್ಲರನ್ನೂ ಒಮ್ಮೆಯಾದರೂ ಬೀಳಿಸುತ್ತದೆ. ಅದು ಇಷ್ಟು ಹೆಜ್ಜೆ ಹಿಂದೆ ಅಥವಾ ಮುಂದೆ ಎಂಬ ಒಂದು ಬೈಟ್ ಇಟ್ಟುಕೊಂಡಿರುತ್ತದೆ, -128ರಿಂದ 127ರವರೆಗೆ. ಎಣಿಕೆ ಶುರುವಾಗುವುದು ಮುಂದಿನ ಸೂಚನೆಯಿಂದ. ಜೆಆರ್ 1000ದಲ್ಲಿದ್ದರೆ ಆ ಬೈಟ್ ಇರುವುದು 1001ರಲ್ಲಿ, ಎಣಿಕೆ 1002ರಿಂದ. 990ಕ್ಕೆ ನೆಗೆಯಬೇಕಾದರೆ -12, ಬೈಟ್ ಆಗಿ 244. ಮಿತಿ ಮೀರಿದರೆ ಎರರ್ ಕೊಡಿ. ಸುಮ್ನೆ 8 ಬಿಟ್‌ಗೆ ಕತ್ತರಿಸಿ ಬರೆದರೆ ಆಟ ಎಲ್ಲಿಗೋ ನೆಗೆಯುತ್ತದೆ. ಎರಡು ಬೈಟ್‌ನ ಸಂಖ್ಯೆಗಳಲ್ಲಿ ಕೆಳಗಿನ ಬೈಟ್ ಮೊದಲು.

ಬರೆಯುವುದು

ಬ್ಯಾಂಕ್‌ಗಳನ್ನು ಸಾಲಾಗಿ ಫೈಲ್‌ಗೆ ಬರೆಯಿರಿ, ಸಂದಿಗಳಿಗೆ 255 ತುಂಬಿ. ಫ್ಲ್ಯಾಶ್ ಚಿಪ್ ಅಳಿಸಿದಾಗ ಬೈಟ್‌ಗಳು ಅದೇ ಆಗಿರುತ್ತವೆ. ಪ್ರೊಸೆಸರ್ ದಾರಿ ತಪ್ಪಿ ಅಲ್ಲಿಗೆ ಬಂದರೆ $0038ಕ್ಕೆ ನೆಗೆಯುತ್ತದೆ. ಅಲ್ಲಿ ‘ಕೆಟ್ಟೆ’ ಎಂದು ತೋರಿಸುವ ಕೋಡ್ ಇಟ್ಟರೆ ಹಿಡಿಯುವುದು ಸುಲಭ.

ಹೆಡರ್‌ನಲ್ಲಿ 48 ಬೈಟ್‌ನ ಲೋಗೊ ಇರಲೇಬೇಕು. 308ರಿಂದ 332ರವರೆಗಿನ 25 ಬೈಟ್‌ಗಳ ಚೆಕ್‌ಸಮ್ (ಬೈಟ್‌ಗಳು ಸರಿಯಿವೆಯೇ ಎಂದು ತಾಳೆ ನೋಡುವ ಸಂಖ್ಯೆ) 333ರಲ್ಲಿ ಇರಬೇಕು. ಸೊನ್ನೆಯಿಂದ ಶುರು ಮಾಡಿ, ಪ್ರತಿ ಬೈಟನ್ನೂ ಕಳೆದು, ಜೊತೆಗೆ 1 ಕಳೆಯುತ್ತಾ ಹೋಗಿ. ಇವೆರಡರಲ್ಲಿ ಒಂದು ತಪ್ಪಿದರೂ ಗೇಮ್ ಬಾಯ್ ಲೋಗೊ ತೋರಿಸಿ ಅಲ್ಲೇ ನಿಲ್ಲುತ್ತದೆ. ಇದನ್ನು ಪರೀಕ್ಷೆ ಮಾಡದ ಎಮ್ಯುಲೇಟರ್‌ಗಳೂ (ಗೇಮ್ ಬಾಯ್‌ನಂತೆ ನಟಿಸುವ ಪ್ರೋಗ್ರಾಂಗಳು) ಇವೆ. ನನ್ನ ಆಟ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿ ನಿಜವಾದ ಯಂತ್ರದಲ್ಲಿ ನಿಂತಾಗ, ಅಗ್ಗಕ್ಕೆ ತರಿಸಿದ ಫ್ಲ್ಯಾಶ್ ಕಾರ್ಟ್‌ರಿಡ್ಜನ್ನೇ ಬೈದುಕೊಂಡಿದ್ದೆ. ಅದೂ ಅಂಥ ಸಾಚಾ ಏನಲ್ಲ, ಮೂರನೇ ತಿಂಗಳಿಗೆ ಸೇವ್ ಉಳಿಸಿಕೊಳ್ಳುವುದನ್ನೇ ಬಿಟ್ಟಿತು. ಆದರೆ ಆ ದಿನದ ತಪ್ಪು ನನ್ನದೇ, ಚೆಕ್‌ಸಮ್ ಒಂದು ಕಡಿಮೆ ಇತ್ತು.

ಆಟ ಬರೆಯುವ ಮೊದಲು, ಮೇಲೆ ಹೇಳಿದ ನಾಲ್ಕು ಸೆಕ್ಷನ್‌ಗಳನ್ನೇ ನಿಮ್ಮ ಲಿಂಕರ್‌ಗೆ ಕೊಟ್ಟು ಖಾಲಿ ಜಾಗದ ಪಟ್ಟಿ ಪ್ರಿಂಟ್ ಮಾಡಿಸಿ. ನಾಲ್ಕು ಸಾಲು ಬರಬೇಕು: 0ಯಿಂದ 64, 217ರಿಂದ 39, 336ರಿಂದ 176, 768ರಿಂದ 15,616. ಒಟ್ಟು 15,895. ಸಾಲು ಕಡಿಮೆ ಬಂದರೆ ಎಲ್ಲೋ ಮೊದಲಿನ ತುಂಡನ್ನು ಕಳೆದುಕೊಂಡಿದ್ದೀರಿ, ಕತ್ತರಿಸುವ ಫಂಕ್ಷನ್ ತೆರೆಯಿರಿ.